ಹದಿನೈದು ನಿಮಿಷ ಕೊಡ್ತೀರೇನ್ರಿ?

ಸಂದರ್ಶನ ಎಂಬ ಮಾತಿನ ಹೊಟ್ಟೆಯಲ್ಲಿ ‘ದರ್ಶನ’ ಕುಳಿತುಬಿಟ್ಟಿದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ದೇವರ ಮುಂದೆ ನಿಂತವನು ಕೈ ಮುಗಿಯುತ್ತಾನೆ, ಕಾಯಿ ಒಡೆಸುತ್ತಾನೆ, ಅಂಗಾರ ಹಚ್ಚಿಕೊಂಡು ಹಿಂದಿರುಗುತ್ತಾನೆ. ದೇವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಹೆಸರಾಂತ ವ್ಯಕ್ತಿಯೊಬ್ಬರನ್ನು ಮಾತನಾಡಿಸಿ ಬರೆಯುತ್ತೇನೆಂದು ಹೊರಟವರಲ್ಲಿ ಮುಕ್ಕಾಲು ಪಾಲು ಜನ ಮಾಡಿ ಬರುವುದೂ ಇಷ್ಟೇ.

ರಾಯಬಾಗದ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಕಾಲೇಜಿನ ವಾರ್ಷಿಕ ಸಂಚಿಕೆಗೋ, ಚಿಕ್ಕೋಡಿಯಿಂದ ಹೊರಡುವ ಯಾವುದೋ ವಾರಪತ್ರಿಕೆಗೋ ಒಂದು ಸಂದರ್ಶನ ಬೇಕು. ಹೇಗೋ ವಿಳಾಸ ಸಂಪಾದಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹಿಡಿದು, ದೊಡ್ಡವರ ಮನೆಯ ಪಡಸಾಲೆಯಲ್ಲಿ ಎರಡು ತಾಸು ಕೂರುತ್ತಾನೆ. ಕೊನೆಗೆ ಒಳಗೆ ಕರೆಯುತ್ತಾರೆ. “ಏನ್ ಕೆಲಸಿತ್ರಿ?” ಎಂಬ ಪ್ರಶ್ನೆ ಬಂದಾಗ, ಪ್ರಶ್ನೆ ಕೇಳಬೇಕಾದವನು ತಾನು ಎಂಬುದೇ ಅವನಿಗೆ ಮರೆತುಹೋಗಿರುತ್ತದೆ. ಬೆವರು ಒರೆಸಿಕೊಳ್ಳುತ್ತ, “ಸರ್, ನಿಮ್ಮ ಹುಟ್ಟೂರು ಯಾವುದು?” ಎನ್ನುತ್ತಾನೆ. ಹುಟ್ಟೂರು ತನ್ನ ಪಕ್ಕದ ಊರೇ! ಆಮೇಲೆ “ಯುವಜನಾಂಗಕ್ಕೆ ನಿಮ್ಮ ಸಂದೇಶವೇನು?” ಕಷ್ಟಪಟ್ಟು ಓದಬೇಕು, ಶಿಸ್ತು ಬೇಕು, ತಂದೆತಾಯಿಗಳನ್ನು ಮರೆಯಬಾರದು ಎಂಬ ಉತ್ತರ ಬರುತ್ತದೆ. ಅದನ್ನು ಬರೆದುಕೊಂಡು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹುಡುಗ ಸಂಜೆಯ ಬಸ್ಸಿಗೆ ವಾಪಸ್ಸು. ದರ್ಶನವಾಯಿತು, ಸಂದರ್ಶನ ಆಗಲಿಲ್ಲ.

ಹುಡುಗನ ತಪ್ಪು ಎನ್ನುವ ಹಾಗಿಲ್ಲ. ದೊಡ್ಡವರನ್ನು ಕಾಣುವುದು ಹೇಗೆಂದು ಹೇಳಿಕೊಡುವವರು ಬಹಳ. ಕಂಡ ಮೇಲೆ ಏನು ಕೇಳಬೇಕೆಂದು ಹೇಳಿಕೊಡುವವರು ಕಡಿಮೆ. ನಿಜ ಹೇಳಬೇಕೆಂದರೆ ಇವೆರಡೂ ಬೇರೆ ಬೇರೆ ಕೆಲಸಗಳೇ ಅಲ್ಲ. ಕೇಳುವ ಪ್ರಶ್ನೆ ಗಟ್ಟಿಯಾಗಿದ್ದರೆ ಅರ್ಧ ಬಾಗಿಲು ಅದರಿಂದಲೇ ತೆರೆಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ಹೊಗೆಸೊಪ್ಪು, ಚಪ್ಪಲಿ ಮತ್ತು ಗಡಿ ತಂಟೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ಸೀಮೆಯಲ್ಲಿ ಹುಟ್ಟಿ ದೇಶಕ್ಕೆಲ್ಲ ಹೆಸರಾದವರ ಪಟ್ಟಿ ಮಾತ್ರ ಯಾರ ನಾಲಿಗೆಯ ಮೇಲೂ ಇಲ್ಲ. ಚಿಕ್ಕೋಡಿ ತಾಲ್ಲೂಕಿನ ಸದಲಗಾ ಒಂದೇ ಊರನ್ನು ತೆಗೆದುಕೊಳ್ಳಿ. 1906ರಲ್ಲಿ ಅಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ ಪ್ರಾಕೃತ ವಿದ್ವಾಂಸರಾಗಿ ಪ್ರಪಂಚದ ವಿಶ್ವವಿದ್ಯಾಲಯಗಳಿಗೆಲ್ಲ ಪರಿಚಿತರಾದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳುತ್ತಲೇ ‘ಪ್ರವಚನಸಾರ’, ‘ವರಾಂಗಚರಿತ’, ‘ಬೃಹತ್ಕಥಾಕೋಶ’, ‘ಕುವಲಯಮಾಲಾ’ದಂಥ ಗ್ರಂಥಗಳನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅತ್ತ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಶಾಲಾ ಮಾಸ್ತರಿಕೆ ಮಾಡುತ್ತಲೇ ‘ನಿಸರ್ಗ’ದಂಥ ಕಾದಂಬರಿ ಬರೆದು, ಈ ಸೀಮೆಯ ಜೈನ ರೈತಾಪಿ ಮನೆಗಳ ಮಾತನ್ನೂ ಮೌನವನ್ನೂ ಪುಸ್ತಕಕ್ಕೆ ತಂದರು. ಆಗ ಶೇಡಬಾಳ ಅಥಣಿ ತಾಲ್ಲೂಕು, ಈಗ ಕಾಗವಾಡ.

ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1975ರಲ್ಲಿ.

ಅವರನ್ನು ಮಾತನಾಡಿಸಿದವರು ಇದ್ದಿರಬೇಕು. ಆದರೆ ಕೇಳದೆ ಉಳಿದ ಪ್ರಶ್ನೆಗಳಿಗೆ ಆ ವರ್ಷದ ನಂತರ ಉತ್ತರ ಹೇಳುವವರಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗ್ರಂಥದಲ್ಲಿ ಪ್ರಾಕೃತ, ಪೀಠಿಕೆಯಲ್ಲಿ ಇಂಗ್ಲಿಷ್, ಇಷ್ಟರ ನಡುವೆ ಉಪಾಧ್ಯೆಯವರು ಲೆಕ್ಕ ಮಾಡುತ್ತಿದ್ದುದು ಯಾವ ಭಾಷೆಯಲ್ಲಿ? ಕಾದಂಬರಿಯೊಳಗೆ ತಮ್ಮನ್ನೇ ಕಂಡ ಶೇಡಬಾಳದ ಜನ ಅಣ್ಣಾರಾಯರ ಮುಖಕ್ಕೆ ಏನೆಂದರು? ಸಾಹಿತ್ಯ ಚರಿತ್ರೆಯಲ್ಲಿ ಇಂಥವಕ್ಕೆ ಜಾಗವಿಲ್ಲ. ಇವು ಎದುರು ಕುಳಿತು ಕೇಳಬೇಕಾದ ಮಾತುಗಳು, ಅದೂ ಮನುಷ್ಯ ಇದ್ದಾಗಲೇ.

ಹೊರಗಿನ ದೊಡ್ಡವರು ಈ ಊರುಗಳಿಗೆ ಬರಲಿಲ್ಲ ಎಂದೇನೂ ಇಲ್ಲ. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತು ನಿಪ್ಪಾಣಿಯಲ್ಲಿ ನಡೆದಾಗ ಅಂಬೇಡ್ಕರರು ಬಂದಿದ್ದರು. 1927ರ ಮಾರ್ಚ್ ಕೊನೆಯಲ್ಲಿ ಕೊಲ್ಲಾಪುರದಲ್ಲಿ ಆರೋಗ್ಯ ಕೈಕೊಟ್ಟ ಗಾಂಧೀಜಿ ನಿಪ್ಪಾಣಿಗೆ ಬಂದು ಮಲಗಿದರು, ಪ್ರವಾಸ ನಿಂತಿತು. ಅಲ್ಲಿಂದ ಅಂಬೋಲಿ, ಆಮೇಲೆ ನಂದಿಬೆಟ್ಟ. ಒಳ್ಳೆಯ ಸಂದರ್ಶಕ ಇಂಥ ನಿಲುಗಡೆಗಳನ್ನು ಕಾಯುತ್ತಾನೆ. ದೊಡ್ಡವರು ವೇದಿಕೆಯ ಮೇಲೆ ಇರುವಾಗ ಅವರು ಎಲ್ಲರ ಸ್ವತ್ತು. ರೈಲು ತಪ್ಪಿದಾಗ, ಮಳೆಗೆ ಸಿಕ್ಕಾಗ, ತಂಗಿಯ ಮನೆಯ ಮದುವೆಗೆ ಬಂದು ಮಧ್ಯಾಹ್ನ ಬೇಸರದಿಂದ ಕೂತಾಗ ಅವರಿಗೂ ಮಾತು ಬೇಕಾಗಿರುತ್ತದೆ. ಜ್ವರ ಬಂದವರನ್ನು ಮಾತ್ರ ಬಿಟ್ಟುಬಿಡಬೇಕು ಎನ್ನುವುದು ಬೇರೆ ಮಾತು!

ನಿಲುಗಡೆಯ ಮಾತು ಬಂದಾಗ ಸದಲಗಾದ ಇನ್ನೊಬ್ಬರನ್ನು ನೆನೆಯಲೇಬೇಕು. 1946ರಲ್ಲಿ ಅಲ್ಲಿ ಹುಟ್ಟಿದ ವಿದ್ಯಾಧರ ಎಂಬ ಹುಡುಗ 1968ರಲ್ಲಿ ಅಜ್ಮೀರದಲ್ಲಿ ದಿಗಂಬರ ದೀಕ್ಷೆ ಪಡೆದು, 1972ರಲ್ಲಿ ಆಚಾರ್ಯ ವಿದ್ಯಾಸಾಗರರಾದರು. ಪ್ರಧಾನಿ, ಮುಖ್ಯಮಂತ್ರಿಗಳು ಅವರಿದ್ದಲ್ಲಿಗೆ ಹೋಗಿ ಕೂರುತ್ತಿದ್ದರು. ಅವರಿಗೆ ಫೋನ್ ಇಲ್ಲ, ಕಾರ್ಯದರ್ಶಿ ಇಲ್ಲ, ನಾಳೆ ಯಾವ ಕಡೆಗೆ ಹೆಜ್ಜೆ ಹಾಕುತ್ತಾರೆಂದು ಮೊದಲೇ ಸಾರುವ ರೂಢಿಯೂ ಇರಲಿಲ್ಲ. ಇಂಥವರ ಭೇಟಿಯ ಸಮಯ ಗೊತ್ತುಮಾಡಿಕೊಳ್ಳುವುದು ಹೇಗೆ? ಉತ್ತರ ಪಂಚಾಂಗದಲ್ಲಿದೆ. ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ. ಜೈನ ಮುನಿ ಆ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲಬೇಕು. ಉಳಿದ ಎಂಟು ತಿಂಗಳು ಸಿಗದವರು ಆ ನಾಲ್ಕು ತಿಂಗಳು ಖಂಡಿತ ಸಿಗುತ್ತಾರೆ. ದಿನದ ಲೆಕ್ಕವೂ ಗೊತ್ತಿರಬೇಕು. ದಿಗಂಬರ ಮುನಿಗಳ ಆಹಾರ ದಿನಕ್ಕೆ ಒಂದೇ ಹೊತ್ತು, ನಿಂತು, ಅಂಗೈಯಲ್ಲಿ. ಆ ವೇಳೆಯಲ್ಲಿ ಮಾತಿಲ್ಲ. ಪ್ರವಚನ, ಸ್ವಾಧ್ಯಾಯ, ಸಾಮಾಯಿಕ, ಕೆಲವು ದಿನ ಮೌನ. ಇಷ್ಟನ್ನು ತಿಳಿದು ಹೋದವನು ಸರಿಯಾದ ಗಳಿಗೆಗೆ ಬಾಗಿಲಲ್ಲಿರುತ್ತಾನೆ. ತಿಳಿಯದೆ ಹೋದವನು ಆಹಾರದ ಹೊತ್ತಿಗೆ ಕ್ಯಾಮೆರಾ ಹಿಡಿದು ನಿಂತು ಬೈಸಿಕೊಳ್ಳುತ್ತಾನೆ.

ಸರಿ, ಬಾಗಿಲಲ್ಲಿ ನಿಂತದ್ದಾಯಿತು. ಕೇಳುವುದೇನು? ಲೋಕಕ್ಕೆ ಶಾಂತಿ ಯಾವಾಗ ಎಂದು ಕೇಳಿದರೆ ಪ್ರವಚನದ ಒಂದು ತುಣುಕು ಸಿಗುತ್ತದೆ, ಅದು ಪುಸ್ತಕದಲ್ಲೂ ಸಿಗುತ್ತದೆ. ವಿದ್ಯಾಸಾಗರರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದರು. ಕುಂಬಾರನ ಕೈಯಲ್ಲಿ ಕೊಡವಾಗುವ ಮಣ್ಣೇ ಅದರ ನಾಯಕಿ. ಸದಲಗಾದಿಂದ ಹೋದ ಒಬ್ಬ ಸಂದರ್ಶಕನಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಇಲ್ಲಿದೆ: ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಯಾವ ಊರಿನ ಮಣ್ಣು? ದೂಧಗಂಗೆಯ ದಂಡೆಯ ಕರಿಮಣ್ಣೋ, ಬುಂದೇಲಖಂಡದ ಮಣ್ಣೋ? ದೆಹಲಿ, ಭೋಪಾಲದ ಎಂಥ ಜಾಣ ಪತ್ರಕರ್ತನಿಗೂ ಈ ಪ್ರಶ್ನೆ ಹೊಳೆಯುವುದು ಕಷ್ಟ. ಸಣ್ಣ ಊರಿನವನ ಬಂಡವಾಳ ಇದೇ. 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಆಚಾರ್ಯರು ಸಲ್ಲೇಖನದಿಂದ ದೇಹ ಬಿಟ್ಟರು. ಆ ಪ್ರಶ್ನೆ ಅವರಿಗೆ ಇನ್ನು ತಲುಪದು. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕುಂಡಲಪುರದಲ್ಲಿ ಅವರ ಪೀಠಕ್ಕೆ ಬಂದ ಸಮಯಸಾಗರರು ಅವರ ಪೂರ್ವಾಶ್ರಮದ ತಮ್ಮ, ಅದೇ ಸದಲಗಾದವರು. ಚಾತುರ್ಮಾಸ ಪ್ರತಿವರ್ಷ ಬರುತ್ತದೆ.

ರಾಜಕಾರಣಿಗಳ ವಿಷಯದಲ್ಲಿ ಪಂಚಾಂಗ ನಡೆಯುವುದಿಲ್ಲ. ಅವರು ಚುನಾವಣೆಗೆ ಮುಂಚೆ ಎಲ್ಲರಿಗೂ ಸಿಗುತ್ತಾರೆ, ಗೆದ್ದ ಮೇಲೆ ಯಾರಿಗೂ ಸಿಗುವುದಿಲ್ಲ, ಸೋತ ಮೇಲೆ ಅವರನ್ನು ಯಾರೂ ಹುಡುಕುವುದಿಲ್ಲ. ಈ ಮೂರನೆಯ ಕಾಲವೇ ಸಂದರ್ಶಕನ ಸುಗ್ಗಿ. ಬಿ. ಶಂಕರಾನಂದರು 1967ರಿಂದ ಚಿಕ್ಕೋಡಿಯಿಂದ ಸತತ ಏಳು ಸಲ ಲೋಕಸಭೆಗೆ ಹೋದರು. ಕೇಂದ್ರದಲ್ಲಿ ಮಂತ್ರಿಯಾಗಿದ್ದರು. ಅದಕ್ಕಿಂತ ಹೆಚ್ಚಾಗಿ, 1987ರಲ್ಲಿ ಬೋಫೋರ್ಸ್ ಫಿರಂಗಿ ವ್ಯವಹಾರ ನೋಡಲು ನೇಮಿಸಿದ ಜಂಟಿ ಸಂಸದೀಯ ಸಮಿತಿಗೆ ಅವರೇ ಅಧ್ಯಕ್ಷರು. ಮುಖ್ಯ ವಿರೋಧ ಪಕ್ಷಗಳು ಸಮಿತಿಯಿಂದ ಹೊರಗುಳಿದವು. ಲಂಚಕ್ಕೆ ಪುರಾವೆಯಿಲ್ಲ ಎಂದು 1988ರಲ್ಲಿ ವರದಿ ಬಂತು. ಮರುವರ್ಷದ ಕೊನೆಗೆ ಸರ್ಕಾರವೇ ಬಿತ್ತು. 1996ರಲ್ಲಿ ಶಂಕರಾನಂದರು ಸೋತರು, ತೀರಿಕೊಂಡದ್ದು 2009ರಲ್ಲಿ. ನಡುವೆ ಹದಿಮೂರು ವರ್ಷ! ದೇಶವನ್ನೇ ನಡುಗಿಸಿದ ಒಂದು ಪ್ರಕರಣದ ಕಾಗದಪತ್ರಗಳನ್ನು ಕೈಯಾರೆ ತಿರುವಿ ಹಾಕಿದ ಮನುಷ್ಯ ಅಧಿಕಾರದ ಹೊರಗಿದ್ದ ವರ್ಷಗಳವು. ಕಾಲುವೆ, ರಸ್ತೆ, ಬಸ್ಸಿನ ವಿಷಯ ಅವರನ್ನು ಕೇಳಿದವರು ಈ ಕಡೆ ಲೆಕ್ಕವಿಲ್ಲದಷ್ಟು ಜನ ಇದ್ದಾರು. ಸಮಿತಿಯ ಕೋಣೆಯಲ್ಲಿ ಮೊದಲ ದಿನ ಯಾರು ಏನು ಮಾತಾಡಿದರು ಎಂದು ಕುಳಿತು, ದಿನದಿನದ ಲೆಕ್ಕ ಹಿಡಿದು ಕೇಳುವುದಕ್ಕೆ ವರದಿಯನ್ನು ಓದಿಕೊಂಡು ಹೋಗುವ ಒಬ್ಬ ಹುಡುಗ ಸಾಕಾಗಿತ್ತು.

ಹೆಸರಾಂತವರೆಂದರೆ ಒಬ್ಬೊಬ್ಬರೇ ಇರಬೇಕೆಂದಿಲ್ಲ. ಒಂದು ಊರಿನ ಒಂದು ಗುಂಪು ಹೆಸರಾಗಿಬಿಡುವುದುಂಟು. ನಿಪ್ಪಾಣಿಯ ಹೊಗೆಸೊಪ್ಪಿನ ಹೆಣ್ಣುಮಕ್ಕಳದ್ದು ಅಂಥ ಕಥೆ. ಈ ಸೀಮೆಯಲ್ಲಿ ನಡೆದ ಸಂದರ್ಶನಗಳಲ್ಲೆಲ್ಲ ದೊಡ್ಡದು ಯಾವುದೆಂದು ಕೇಳಿದರೆ ಅದನ್ನೇ ಹೇಳಬೇಕು.

ಹೊಗೆಸೊಪ್ಪಿನ ವಖಾರಿಗಳಲ್ಲಿ ಸೊಪ್ಪು ಕುಟ್ಟುವ, ಜರಡಿ ಹಿಡಿಯುವ, ದೂಳು ತಿನ್ನುವ ಕೆಲಸ ಹೆಂಗಸರದು. ಎಂಬತ್ತರ ದಶಕದ ಹೊಸ್ತಿಲಲ್ಲಿ ಅವರು ಸಂಘ ಕಟ್ಟಿಕೊಂಡರು. 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ’ ಎಂಬ ಚಲನಚಿತ್ರ ಬಳಗ ಕಟ್ಟಿದ್ದರು. ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ ಒಂದು ಚಿತ್ರ ಮಾಡಿ, ನಂತರ ನಿಪ್ಪಾಣಿಗೆ ಬಂದರು. ಬಂದವರು ಮಾಡಿದ ಮೊದಲ ಕೆಲಸ ಕ್ಯಾಮೆರಾ ಹೊರಗೆ ತೆಗೆಯುವುದಲ್ಲ. ನಾಲ್ಕು ತಿಂಗಳು ಆ ಹೆಂಗಸರ ಜೊತೆಗೇ ಇದ್ದರು. ಅವರ ದುಡಿಮೆಯ ಪಾಡು ಕೇಳಿದರು, ಸಂಘ ಹೇಗೆ ಬೆಳೆಯಬೇಕೆಂಬ ಮಾತುಕತೆಯಲ್ಲಿ ಕೂತರು. ಆಮೇಲೆ ಹುಟ್ಟಿದ್ದು 1982ರ ಚಿತ್ರ ‘ತಂಬಾಕೂ ಚಾಕಿಲಾ ಊಬ ಆಲೀ’. ಅರ್ಧ ತಾಸೂ ಇಲ್ಲದ ಮರಾಠಿ ಚಿತ್ರ. ಅಲ್ಲಿಯವರೆಗೆ ಯಾವ ಕ್ಯಾಮೆರಾವೂ ಕಾಲಿಡದ ವಖಾರಿಯ ಒಳಗಿನ ದೂಳು ಅದರಲ್ಲಿ ತೆರೆಗೆ ಬಂತು.

ಈ ನಾಲ್ಕು ತಿಂಗಳು ಎಂಬ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. ಇಪ್ಪತ್ತೈದು ನಿಮಿಷದ ಮಾತಿಗೆ ನಾಲ್ಕು ತಿಂಗಳ ಕೇಳುವಿಕೆ! ಮಾಲೀಕನ ಕಣ್ಣಿಗೆ ಬಿದ್ದರೆ ನಾಳೆಯ ಕೂಲಿ ಹೋಗುವ ಹೆಂಗಸು, ಗುರುತಿಲ್ಲದವರು ಒಂದು ದಿನ ಬಂದು ಮೈಕು ಹಿಡಿದರೆ ಏನು ಹೇಳಿಯಾಳು? “ಎಲ್ಲಾ ಛಲೋ ಐತ್ರಿ” ಎಂದಾಳು. ಮಂತ್ರಿಯೂ ಹಾಗೆಯೇ ಹೇಳುತ್ತಾನೆ, ಅವನ ಭಯ ಬೇರೆ ಅಷ್ಟೆ. ಹೆಸರಿದ್ದವರಿಗೆ ಹೆಸರು ಹೋಗುವ ಭಯ, ಹೆಸರಿಲ್ಲದವರಿಗೆ ಕೂಲಿ ಹೋಗುವ ಭಯ. ಎರಡನ್ನೂ ದಾಟಿಸಲು ಕೇಳುವವನ ಮೇಲೆ ನಂಬಿಕೆ ಬರಬೇಕು. ನಂಬಿಕೆ ಬರಲು ಅವನು ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು. ಪತ್ರಿಕೆಯವನಿಗೆ ನಾಲ್ಕು ತಿಂಗಳು ಎಲ್ಲಿಂದ ಬರಬೇಕು ಎನ್ನಬಹುದು. ನಾಲ್ಕು ಸಲವಾದರೂ ಹೋಗಬಹುದಲ್ಲ? ಮೊದಲ ಸಲ ಬರಿಗೈಯಲ್ಲಿ ಹೋಗಿ ಚಹಾ ಕುಡಿದು ಬರುವವನಿಗೆ ಸಿಗುವ ಮಾತು, ಮೊದಲ ಸಲವೇ ಯಂತ್ರ ಒತ್ತಿದವನಿಗೆ ಸಿಗದು.

ಅದೇ ನಿಪ್ಪಾಣಿಯಲ್ಲಿ 1981ರ ಮಾರ್ಚ್‌ನಲ್ಲಿ ಹೊಗೆಸೊಪ್ಪಿನ ಬೆಲೆಗಾಗಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಮುಂದಾಳು ಶರದ್ ಜೋಶಿ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಪುಣೆಯ ಬಳಿ ಹೊಲ ಕೊಂಡು ರೈತನಾದ ಮನುಷ್ಯ. ಏಪ್ರಿಲ್ 6ರಂದು ಗೋಲೀಬಾರಾಯಿತು. ಹನ್ನೆರಡು ಮಂದಿ ರೈತರು ಸತ್ತರು. ಜೋಶಿಯವರು 2015ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಭಾಷಣ, ಬರಹ ಬೇಕಾದಷ್ಟು ಉಳಿದಿವೆ. ಆದರೆ ಹೆದ್ದಾರಿಯ ಮೇಲೆ ಆ ದಿನ ಕುಳಿತಿದ್ದ, ಆಗ ಇಪ್ಪತ್ತೈದರ ಪ್ರಾಯದವರು ಈಗ ಎಪ್ಪತ್ತರ ಆಚೆ ಈಚೆ ಇದ್ದಾರೆ. ಕಟ್ಟೆಯ ಮೇಲೆ ಕೂರುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ, ಕೇಳಿದರೆ ಹೇಳುತ್ತಾರೆ. ಅವರ ಭೇಟಿಗೆ ಕಾರ್ಯದರ್ಶಿಯ ಅಪ್ಪಣೆ ಬೇಕಿಲ್ಲ. ಬೆಂಗಳೂರಿನ ಯಾವುದೋ ನಟನ ಹದಿನೈದು ನಿಮಿಷಕ್ಕೆ ಮೂರು ತಿಂಗಳು ಫೋನ್ ಮಾಡುವ ಹುಡುಗ, ಓಣಿಯ ಕೊನೆಯಲ್ಲಿರುವ ಈ ಮುದುಕರ ಮುಂದೆ ದಿನಾ ಸೈಕಲ್ ಹೊಡೆದುಕೊಂಡು ಹೋಗುತ್ತಿರುತ್ತಾನೆ.

ನಿಪ್ಪಾಣಿಯಲ್ಲಿ, ಕಾಗವಾಡದಲ್ಲಿ ಮಾತನಾಡಿಸುವವರಿಗೆ ಇನ್ನೊಂದು ಸೂಕ್ಷ್ಮ ಗೊತ್ತಿರಬೇಕು. “ನೀವು ಕನ್ನಡದವರೋ ಮರಾಠಿಯವರೋ?” ಎಂಬುದನ್ನು ಮೊದಲ ಪ್ರಶ್ನೆಯಾಗಿ ಕೇಳಿದರೆ ಸಂದರ್ಶನ ಅಲ್ಲಿಗೇ ಮುಗಿಯಿತು. 1967ರ ಮಹಾಜನ ವರದಿಯಿಂದ ಇಲ್ಲಿಯವರೆಗೆ ಈ ಪ್ರಶ್ನೆಗೆ ಜನ ಎಷ್ಟು ಸಲ ಉತ್ತರ ಕೊಟ್ಟಿದ್ದಾರೋ ಲೆಕ್ಕವಿಲ್ಲ. ಕೇಳಿದೊಡನೆ ಮೈಯೆಲ್ಲ ಮುಳ್ಳು. ಎದುರಿನವರು ಯಾವ ಭಾಷೆಯಲ್ಲಿ “ಬರ್ರಿ” ಅಥವಾ “ಯಾ” ಎನ್ನುತ್ತಾರೋ ಆ ಭಾಷೆಯಲ್ಲಿ ಹೋಗುವುದು ಜಾಣತನ. ಬರೆಯುವುದು ಕನ್ನಡದಲ್ಲಿ ಬರೆದರಾಯಿತು. ಮಾತಿನ ನಡುವೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವ ಗಳಿಗೆ ಇದೆಯಲ್ಲ, ಅದನ್ನು ಗುರುತು ಹಾಕಿಕೊಳ್ಳಬೇಕು. ಸಿಟ್ಟು ಬಂದಾಗ, ತಾಯಿಯ ನೆನಪಾದಾಗ ಮನುಷ್ಯ ಭಾಷೆ ಬದಲಿಸುತ್ತಾನೆ.

ಇನ್ನು ಬಾಗಿಲು ತೆರೆಸುವ ಕೆಲಸ. ಒಂದು ಸಂದರ್ಶನ ಇನ್ನೊಂದನ್ನು ಕರೆದು ತರುತ್ತದೆ ಎಂಬುದಕ್ಕೆ ಇಟಲಿಯ ಪತ್ರಕರ್ತೆ ಒರಿಯಾನಾ ಫಲ್ಲಾಚಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆಕೆ ವಿಯೆಟ್ನಾಮಿನ ಸೇನಾನಿ ಜ್ಯಾಪ್ ಅವರನ್ನು ಮಾತನಾಡಿಸಿದ್ದಳು. ಅದನ್ನು ಓದಿದ್ದ ಹೆನ್ರಿ ಕಿಸಿಂಜರ್ 1972ರಲ್ಲಿ ತಮ್ಮ ಬಾಗಿಲು ತೆರೆದರು. ಆಕೆಯೆದುರು ತಮ್ಮನ್ನು ಕುದುರೆಯೇರಿ ಒಬ್ಬನೇ ಊರಿಗೆ ಬರುವ ಕೌಬಾಯ್‌ಗೆ ಹೋಲಿಸಿಕೊಂಡು ಜೀವನವಿಡೀ ಪಶ್ಚಾತ್ತಾಪ ಪಟ್ಟರು. ಅದೇ ವರ್ಷ ಇಂದಿರಾ ಗಾಂಧಿಯವರ ಸಂದರ್ಶನ ಓದಿದ ಜುಲ್ಫಿಕರ್ ಅಲಿ ಭುಟ್ಟೊ ಆಕೆಯನ್ನು ತಾವಾಗಿಯೇ ಪಾಕಿಸ್ತಾನಕ್ಕೆ ಕರೆಸಿಕೊಂಡರು. ಇಂದಿರಾ ಬಗ್ಗೆ ಅವರು ಆಡಿದ ಮಾತು ಅಚ್ಚಾದಾಗ ಎರಡು ದೇಶಗಳ ಮಾತುಕತೆಗೇ ಸಂಚಕಾರ ಬರುವಂತಾಯಿತು. ಚಿಕ್ಕೋಡಿಯ ಹುಡುಗನಿಗೆ ಕಿಸಿಂಜರ್ ಬೇಡ. ಸೂತ್ರ ಮಾತ್ರ ಅದೇ. ಸಕ್ಕರೆ ಕಾರ್ಖಾನೆಯ ನಿವೃತ್ತ ಕೆಮಿಸ್ಟ್ ಒಬ್ಬರ ಒಳ್ಳೆಯ ಸಂದರ್ಶನ ಅಚ್ಚಾದರೆ, ಅದರ ಕತ್ತರಿಸಿದ ಹಾಳೆಯೇ ಕಾರ್ಖಾನೆಯ ಅಧ್ಯಕ್ಷರಿಗೆ ಬರೆಯುವ ಪತ್ರದ ಜೊತೆಗೆ ಹೋಗುವ ಶಿಫಾರಸು. ಹಿಂದೆ ಮಾಡಿದ ಕೆಲಸದ ಒಂದು ತುಂಡು, ಶಾಸಕರ ಶಿಫಾರಸು ಪತ್ರಕ್ಕಿಂತ ಹೆಚ್ಚು ಬಾಳುತ್ತದೆ.

ಪತ್ರ ಹೇಗಿರಬೇಕು? ಸಣ್ಣದಿರಬೇಕು. ‘ತಮ್ಮ ಅಮೂಲ್ಯ ಸಮಯದಲ್ಲಿ’ ಎಂದು ಆರಂಭಿಸಿ ಮೂರು ಪುಟ ಹೊಗಳಿದ ಪತ್ರ ಯಾರೂ ಪೂರ್ತಿ ಓದುವುದಿಲ್ಲ. ತಾನು ಯಾರು, ಎಲ್ಲಿ ಅಚ್ಚಾಗುತ್ತದೆ, ಎಷ್ಟು ಹೊತ್ತು ಬೇಕು, ಯಾವ ವಿಷಯದ ಮೇಲೆ ಎಂದು ನಾಲ್ಕು ಸಾಲು. ಐದನೆಯ ಸಾಲಿನಲ್ಲಿ ಒಂದು ನಿಜವಾದ ಪ್ರಶ್ನೆ, ಅವರ ಕೆಲಸವನ್ನು ಓದಿದವನಿಗೆ ಮಾತ್ರ ಬರೆಯಲು ಬರುವಂಥದು. ದಿನಕ್ಕೆ ಹತ್ತು ಸನ್ಮಾನದ ಕರೆ ಬರುವವರಿಗೆ ಪ್ರಶ್ನೆಯೊಂದು ಬಂದರೆ ಅದು ಮೂಗಿನ ಮೇಲಿನ ನೊಣದ ಹಾಗೆ. ಓಡಿಸಲು ಉತ್ತರ ಹೇಳಲೇಬೇಕಾಗುತ್ತದೆ. ಎರಡು ವಾರ ಕಾದು ಒಮ್ಮೆ ನೆನಪಿಸಬಹುದು, ಇನ್ನೆರಡು ವಾರ ಬಿಟ್ಟು ಮತ್ತೊಮ್ಮೆ. ಮೂರನೆಯದಕ್ಕೂ ಸುಮ್ಮನಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದು ಲೇಸು. ಇಲ್ಲವೆನ್ನುವುದೂ ಅವರ ಹಕ್ಕು.

ನಡುವೆ ಇರುವವರನ್ನು ಮರೆಯಬಾರದು. ದೊಡ್ಡವರ ಡ್ರೈವರು, ಮಠದ ಲೆಕ್ಕ ಬರೆಯುವವರು, ಆಪ್ತ ಸಹಾಯಕ, ಮನೆಯ ಹಿರಿಯ ಸೊಸೆ, ಇವರಿಗೆ ಯಜಮಾನರು ಯಾವಾಗ ಪ್ರಸನ್ನರಾಗಿರುತ್ತಾರೆಂಬುದು ಗೊತ್ತು. ಇವರಿಗೆ ಲಂಚ ಕೊಡಬೇಕಿಲ್ಲ, ಹೆಸರಿಡಿದು ಕರೆದರೆ ಸಾಕು. ಇವರನ್ನು ಬಾಗಿಲ ಚಿಲಕವೆಂದು ತಿಳಿದವನಿಗೆ ಬಾಗಿಲು ಚಿಲಕ ಹಾಕಿಕೊಂಡೇ ಇರುತ್ತದೆ.

ಹೋಗುವ ಮುಂಚೆ ಮನೆಪಾಠ. ಹುಟ್ಟಿದ ವರ್ಷ, ಪುಸ್ತಕಗಳ ಹೆಸರು, ಪ್ರಶಸ್ತಿಗಳು, ಇವನ್ನೆಲ್ಲ ಕೇಳುವುದು ಹದಿನೈದು ನಿಮಿಷದಲ್ಲಿ ಹತ್ತನ್ನು ಸುಟ್ಟಂತೆ. ಇಪ್ಪತ್ತು ಪ್ರಶ್ನೆ ಬರೆದು, ಹದಿನಾರು ಹೊಡೆದು ಹಾಕಿ, ನಾಲ್ಕನ್ನು ಇಟ್ಟುಕೊಳ್ಳಬೇಕು. ನೋಯಿಸುವ ಪ್ರಶ್ನೆ ಇದ್ದರೆ ಕೊನೆಗೆ. ಮೊದಲೇ ಕೇಳಿದರೆ ಎದ್ದು ಹೋಗುತ್ತಾರೆ, ಕೇಳದೇ ಬಂದರೆ ಹೋದದ್ದು ವ್ಯರ್ಥ. ಮುದ್ರಿಸಿಕೊಳ್ಳುವುದಾದರೆ ಕೇಳಿಯೇ ಯಂತ್ರವನ್ನು ಎದುರಿಗಿಡಬೇಕು. ಅಂಗಿಯ ಕಿಸೆಯಲ್ಲಿ ಫೋನ್ ಬಚ್ಚಿಟ್ಟು ಮಾತು ಕದಿಯುವವರಿಗೆ ಸಂದರ್ಶಕ ಎನ್ನುವ ಹೆಸರಿಲ್ಲ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯೆ. ಉತ್ತರ ಮುಗಿದಂತೆ ಕಂಡು ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ, ಆ ಮೌನವನ್ನು ತುಂಬಲು ಹೊರಬರುವ ಮಾತೇ ಎಷ್ಟೋ ಸಲ ಶೀರ್ಷಿಕೆಯಾಗುತ್ತದೆ.

ಬರೆದಾದ ಮೇಲೆ ತೋರಿಸಬೇಕೇ? ಇಸವಿ, ಹೆಸರು, ಅಂಕಿಸಂಖ್ಯೆಗಳನ್ನು ಓದಿ ಹೇಳಿ ಸರಿಪಡಿಸಿಕೊಳ್ಳುವುದು ಮರ್ಯಾದೆ. ಪೂರ್ತಿ ಬರಹವನ್ನೇ ಅವರ ಕೈಗೆ ಕೊಟ್ಟರೆ ಅದು ವಾಪಸ್ಸು ಬರುವಾಗ ಸನ್ಮಾನ ಪತ್ರವಾಗಿ ಬರುತ್ತದೆ. ಆಡಿದ ಮಾತನ್ನು ಆಡಿಲ್ಲವೆನ್ನುವವರು ಇದ್ದೇ ಇರುತ್ತಾರೆ, ಅದಕ್ಕೇ ಮುದ್ರಿಕೆಯನ್ನು ಅಳಿಸಬಾರದು. ಅಚ್ಚಾದ ಪ್ರತಿಯನ್ನು ಕಳಿಸಲು ಮಾತ್ರ ಮರೆಯಬಾರದು. ಈ ಕಡೆಯ ಹುಡುಗರು ಎಲ್ಲವನ್ನೂ ಮಾಡಿ ಇದೊಂದನ್ನು ಮರೆಯುತ್ತಾರೆ, ಮರುವರ್ಷ ಅದೇ ಮನೆಗೆ ಹೋಗಲು ಮುಖವಿರುವುದಿಲ್ಲ.

ರಾಯಬಾಗದ ಹುಡುಗ ಎರಡನೆಯ ಸಲ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಈ ಸಲ ಓದಿಕೊಂಡಿದ್ದಾನೆ. ನಾಲ್ಕು ಪ್ರಶ್ನೆ ಕಿಸೆಯಲ್ಲಿವೆ. ಪಡಸಾಲೆಯಲ್ಲಿ ಕಾಯುವಾಗ ಮನೆಯ ಮುದುಕಿಯ ಹತ್ತಿರ ಆ ವರ್ಷದ ಕಬ್ಬಿನ ದರದ ಮಾತಾಡಿದ್ದಾನೆ. ಒಳಗೆ ಹೋಗಿ ಹದಿನೈದು ನಿಮಿಷವಾಯಿತು. ದೊಡ್ಡವರು ಗಡಿಯಾರ ನೋಡುವ ಮುನ್ನ ಅವನೇ ನೋಡಬೇಕು. ಪುಸ್ತಕ ಮುಚ್ಚಿ, “ನೀವು ಕೊಟ್ಟ ವೇಳೆ ಮುಗೀತ್ರಿ, ಬರತೇನ್ರಿ” ಎಂದು ನಿಜವಾಗಿಯೂ ಎದ್ದು ನಿಲ್ಲಬೇಕು. ಹೇಳಿದ ಮಾತಿಗೆ ಸರಿಯಾಗಿ ಎದ್ದುನಿಂತ ಸಂದರ್ಶಕನನ್ನು ಅವರು ಎಷ್ಟೋ ದಿನದಿಂದ ಕಂಡಿರುವುದಿಲ್ಲ.

“ಕೂಡ್ರಿ, ಚಹಾ ಬರತೈತಿ” ಎನ್ನುತ್ತಾರೆ. ಪುಸ್ತಕವನ್ನು ಮತ್ತೆ ತೆರೆಯಬೇಕಾದದ್ದು ಆಗ.